ಕ್ಲೇರ್ ಕೌಂಟಿಯಲ್ಲಿ ಎಲ್ಲಿ ತಂಗಬೇಕು? ಎನ್ನಿಸ್, ಡೂಲಿನ್, ಮಿಲ್‌ಟೌನ್, ಕಿಲ್‌ಕೀ: ಒಂದು ಹೋಲಿಕೆ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲೇರ್ ಕೌಂಟಿಯನ್ನು ನೋಡಿದ್ದೇವೆ ಎನ್ನುವವರಲ್ಲಿ ಬಹಳ ಮಂದಿ ಅಲ್ಲಿ ಒಂದು ರಾತ್ರಿಯನ್ನೂ ಕಳೆದಿರುವುದಿಲ್ಲ. ಬೆಳಿಗ್ಗೆ ಡಬ್ಲಿನ್ನಿನಲ್ಲಿ ಪ್ರವಾಸಿ ಬಸ್ಸು ಹತ್ತಿರುತ್ತಾರೆ, ಮಧ್ಯಾಹ್ನ ಕ್ಲಿಫ್ಸ್ ಆಫ್ ಮೋಹರ್ ಎಂಬ ಕಡಲ ಬಂಡೆಗೋಡೆಯ ಅಂಚಿನಲ್ಲಿ ಗಾಳಿಗೆ ಹಾರುವ ಟೋಪಿಯನ್ನು ಒತ್ತಿ ಹಿಡಿದು ಫೋಟೊ ತೆಗೆಸಿಕೊಂಡಿರುತ್ತಾರೆ, ರಾತ್ರಿ ಮತ್ತೆ ಡಬ್ಲಿನ್ನಿನ ಹಾಸಿಗೆ. ದಿನದ ದೊಡ್ಡ ಪಾಲು ಬಸ್ಸಿನ ಸೀಟಿನಲ್ಲೇ ಮುಗಿದಿರುತ್ತದೆ. ಡಬ್ಲಿನ್ನಿನಲ್ಲಿ ಕೆಲಸದಲ್ಲಿರುವ ಮಕ್ಕಳ ಮನೆಗೆ ಊರಿನಿಂದ ಬರುವ ಅಪ್ಪ ಅಮ್ಮಂದಿರಿಗೆ ಸಾಮಾನ್ಯವಾಗಿ ಸಿಗುವ ಕ್ಲೇರ್ ಇದೇ. ದುಡ್ಡು ಕೊಟ್ಟು ಸುಸ್ತನ್ನು ಕೊಂಡುಕೊಳ್ಳುವ ಈ ಏರ್ಪಾಡನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಎರಡು ಮೂರು ರಾತ್ರಿ ಉಳಿಯುತ್ತೇವೆ ಎಂದು ತೀರ್ಮಾನಿಸಿದ ಮೇಲೆ ಮುಂದಿನ ಪ್ರಶ್ನೆ, ಎಲ್ಲಿ? ಎಲ್ಲರೂ ನಕ್ಷೆಯಲ್ಲಿ ನೋಡಬೇಕಾದ ಜಾಗಗಳಿಗೆ ಗುರುತು ಹಾಕಿ, ಅವುಗಳಿಗೆ ಹತ್ತಿರದ ಊರನ್ನು ಆರಿಸುತ್ತಾರೆ. ಕ್ಲೇರ್‌ನಲ್ಲಿ ಈ ಲೆಕ್ಕ ಅಷ್ಟು ಮುಖ್ಯವಲ್ಲ, ಏಕೆಂದರೆ ಕೌಂಟಿ ಚಿಕ್ಕದು. ನಡುವಿನ ಪಟ್ಟಣವಾದ ಎನ್ನಿಸ್‌ನಿಂದ ಮೋಹರ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ, ನೈಋತ್ಯದ ಕಿಲ್‌ಕೀಗೆ ಸುಮಾರು ಒಂದು ಗಂಟೆ. ಹಗಲಿನಲ್ಲಿ ನೋಡುವಂಥದ್ದೆಲ್ಲ ನೀವು ಎಲ್ಲಿ ಉಳಿದರೂ ಕೈಗೆಟಕುತ್ತದೆ. ಊರಿಂದೂರಿಗೆ ಬೇರೆಯಾಗುವುದು ಸಂಜೆ. ಒಂದು ಕಡೆ ಸಂಗೀತ, ಒಂದು ಕಡೆ ಆಟದ ಮೈದಾನ, ಇನ್ನೊಂದು ಕಡೆ ಸಮುದ್ರ ಬಿಟ್ಟರೆ ಏನೂ ಇಲ್ಲ. ಆದ್ದರಿಂದ ಸಂಜೆ ಆರರಿಂದ ಹನ್ನೊಂದರವರೆಗೆ ನಿಮಗೆ ಏನು ಬೇಕು ಎಂಬುದನ್ನು ಮೊದಲು ಯೋಚಿಸಿ, ಕೋಣೆಯನ್ನು ಆಮೇಲೆ ಹುಡುಕಿ.

ಹೊರಡುವ ಮುನ್ನ ಒಂದೆರಡು ಮಾತು. ಐರ್ಲೆಂಡ್ ಷೆಂಗನ್ ಒಕ್ಕೂಟದಲ್ಲಿಲ್ಲ. ಫ್ರಾನ್ಸಿಗೋ ಜರ್ಮನಿಗೋ ಪಡೆದ ವೀಸಾ ಇಲ್ಲಿ ನಡೆಯುವುದಿಲ್ಲ. ಡಬ್ಲಿನ್ನಿನಿಂದ ರೈಲಿನಲ್ಲಿ ಬರುವವರು ಲಿಮರಿಕ್ ಮೂಲಕ ಎನ್ನಿಸ್ ತಲುಪಬಹುದು. ಶಾನನ್ ವಿಮಾನ ನಿಲ್ದಾಣ ಇರುವುದೇ ಕ್ಲೇರ್ ಕೌಂಟಿಯಲ್ಲಿ, ಅಲ್ಲಿಂದ ಎನ್ನಿಸ್‌ಗೆ ಅರ್ಧ ಗಂಟೆ. ಜಗತ್ತಿನ ಮೊದಲ ಡ್ಯೂಟಿ ಫ್ರೀ ಅಂಗಡಿ 1947ರಲ್ಲಿ ತೆರೆದದ್ದು ಆ ನಿಲ್ದಾಣದಲ್ಲೇ. ಕಾರು ಬಾಡಿಗೆಗೆ ಪಡೆದರೆ ನಮ್ಮಲ್ಲಿಯಂತೆಯೇ ಎಡಬದಿಯ ಚಾಲನೆ. ಆದರೆ ಒಳದಾರಿಗಳು ಕಿರಿದು, ಎರಡೂ ಬದಿ ಕಲ್ಲುಗೋಡೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೊಬ್ಬರು ಹಿಂದಕ್ಕೆ ಹೋಗಲೇಬೇಕು, ಸಾಮಾನ್ಯವಾಗಿ ಅದು ನೀವೇ.

ಎನ್ನಿಸ್: ಕಾರಿಲ್ಲದವರಿಗೆ, ಮೈದಾನ ಬೇಕಾದವರಿಗೆ

ಎನ್ನಿಸ್‌ನಲ್ಲಿ ಸಮುದ್ರವಿಲ್ಲ. ಪ್ರವಾಸಿಗರು ಅದನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಇದೊಂದೇ ಕಾರಣ ಸಾಕು. ಆದರೂ ಮೊದಲ ಸಲ ಬರುವ, ಕಾರಿಲ್ಲದ ಯಾರೇ ಕೇಳಿದರೂ ನಾನು ಹೇಳುವ ಹೆಸರು ಇದು. ರೈಲು ಇಲ್ಲಿಗೆ ಬರುತ್ತದೆ, 350ನೇ ನಂಬರಿನ ಬಸ್ಸು ಇಲ್ಲಿಂದ ಲಾಹಿಂಚ್, ಮೋಹರ್, ಡೂಲಿನ್ ದಾರಿಯಾಗಿ ಗಾಲ್ವೇಗೆ ಹೋಗುತ್ತದೆ. ಅದರ ವೇಳಾಪಟ್ಟಿ ನೋಡಿಟ್ಟುಕೊಂಡರೆ ಬಂಡೆಗೋಡೆಯನ್ನು ನೋಡಿ ಸಂಜೆಗೆ ಹಿಂತಿರುಗಬಹುದು. ಭಾರತೀಯ ಊಟ ಸಿಗುವ ಹೋಟೆಲುಗಳಿವೆ, ದೊಡ್ಡ ಅಂಗಡಿಗಳಿವೆ, ಔಷಧಿ ಅಂಗಡಿ ನಡೆಯುವಷ್ಟು ಹತ್ತಿರ. ವಯಸ್ಸಾದವರ ಜೊತೆ ಬಂದವರಿಗೆ ಇದರ ಬೆಲೆ ಗೊತ್ತು.

ಊರು ಹಳೆಯದು, ಬೀದಿಗಳು ಸಪೂರ. ಹದಿಮೂರನೆಯ ಶತಮಾನದಲ್ಲಿ ಸ್ಥಾಪನೆಯಾದ ಫ್ರಾನ್ಸಿಸ್ಕನ್ ಮಠದ ಪಾಳುಗೋಡೆಗಳು ಪೇಟೆಯ ನಡುವೆಯೇ ಇವೆ. ರಾಜಕೀಯ ಇತಿಹಾಸದ ರುಚಿಯಿದ್ದವರಿಗೆ ಇಲ್ಲಿ ಬೇಕಾದಷ್ಟು ಸರಕಿದೆ. 1828ರ ಉಪಚುನಾವಣೆಯಲ್ಲಿ ಕ್ಯಾಥೊಲಿಕ್ ನಾಯಕ ಡೇನಿಯಲ್ ಓಕಾನೆಲ್ ಗೆದ್ದದ್ದು ಈ ಕೌಂಟಿಯಿಂದ. ಕ್ಯಾಥೊಲಿಕರು ಬ್ರಿಟಿಷ್ ಸಂಸತ್ತಿನಲ್ಲಿ ಕುಳಿತುಕೊಳ್ಳುವ ಹಕ್ಕು ಪಡೆದದ್ದು ಅದರ ಮರುವರ್ಷ. ಗೇಣಿ ಹೋರಾಟದ ಕಾಲದಲ್ಲಿ, ಬೇರೆಯವರನ್ನು ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿಯುವವನ ಜೊತೆ ಮಾತೂ ಬೇಡ, ವ್ಯವಹಾರವೂ ಬೇಡ ಎಂದು ಐರಿಷ್ ರಾಜಕೀಯ ನಾಯಕ ಪಾರ್ನೆಲ್ 1880ರಲ್ಲಿ ಕರೆಕೊಟ್ಟದ್ದು ಎನ್ನಿಸ್‌ನ ಸಭೆಯಲ್ಲಿ. ಕೆಲವೇ ವಾರಗಳಲ್ಲಿ ಮೇಯೊ ಕೌಂಟಿಯ ಎಸ್ಟೇಟ್ ಏಜೆಂಟ್ ಕ್ಯಾಪ್ಟನ್ ಬಾಯ್ಕಾಟ್ ಮೇಲೆ ಅದು ಜಾರಿಯಾಯಿತು, ಅವನ ಹೆಸರು ಜಗತ್ತಿನ ಹಲವು ಭಾಷೆಗಳಿಗೆ ಹೋಯಿತು. ಕುಸ್ತಿಪಟು, ಬಾಕ್ಸರುಗಳ ಅಭಿಮಾನಿಗಳಿಗೂ ಇಲ್ಲೊಂದು ನೆಪವಿದೆ. ಮುಹಮ್ಮದ್ ಅಲಿಯ ತಾಯಿಯ ಕಡೆಯ ಮುತ್ತಜ್ಜ ಏಬ್ ಗ್ರೇಡಿ ಎನ್ನಿಸ್‌ನಿಂದ ಅಮೆರಿಕಕ್ಕೆ ಹೋದವನು. 2009ರಲ್ಲಿ ಅಲಿ ಬಂದಾಗ ಪಟ್ಟಣವೇ ಬೀದಿಗಿಳಿದಿತ್ತು.

ಸಂಜೆಯ ವಿಷಯಕ್ಕೆ ಬಂದರೆ, ಎನ್ನಿಸ್‌ನ ಸಂಗೀತ ಪ್ರವಾಸಿಗರನ್ನು ನಂಬಿ ನಿಂತದ್ದಲ್ಲ. ಕೌಂಟಿಯ ವಾದಕರು ಕೆಲಸಕ್ಕೆ, ಪೇಟೆಗೆ ಬರುವುದು ಇಲ್ಲಿಗೇ. ಹಾಗಾಗಿ ಜನವರಿಯ ಮಂಗಳವಾರವೂ ಯಾವುದಾದರೂ ಪಬ್ಬಿನ ಮೂಲೆಯಲ್ಲಿ ಪಿಟೀಲು ಕೇಳಿಸುತ್ತದೆ. ಬೇಸಗೆ ಮುಗಿದ ಮೇಲೆ ಕರಾವಳಿಯ ಊರುಗಳ ಬಗ್ಗೆ ಈ ಭರವಸೆ ಕೊಡಲಾಗದು.

ಡೂಲಿನ್: ಎಲ್ಲವೂ ಕೈಯಳತೆಯಲ್ಲಿ, ಜನಜಂಗುಳಿಯೂ

ಡೂಲಿನ್ ಒಂದು ಊರು ಎನ್ನುವುದಕ್ಕಿಂತ ರಸ್ತೆಯುದ್ದಕ್ಕೂ ಚದುರಿದ ಮನೆಗಳ ಸಾಲು ಎಂದರೆ ಸರಿ. ಉತ್ತರಕ್ಕೆ ಬರೆನ್‌ನ ಸುಣ್ಣಕಲ್ಲಿನ ಬಯಲು, ದಕ್ಷಿಣಕ್ಕೆ ಮೋಹರ್, ಎದುರಿಗೆ ಆರನ್ ದ್ವೀಪಗಳು. ಋತು ಅನುಕೂಲವಾಗಿದ್ದಾಗ ದ್ವೀಪಗಳಿಗೂ ಬಂಡೆಗೋಡೆಯ ಬುಡಕ್ಕೂ ದೋಣಿಗಳು ಹೊರಡುತ್ತವೆ. (ದ್ವೀಪಗಳು ಕಣ್ಣೆದುರಿಗೇ ಇದ್ದರೂ ಆಡಳಿತದಲ್ಲಿ ಗಾಲ್ವೇ ಕೌಂಟಿಗೆ ಸೇರಿವೆ.) ಕಾರಿಲ್ಲದಿದ್ದರೂ ಎರಡು ದಿನ ತುಂಬಿಸಿಕೊಳ್ಳಬಹುದು, ಇದು ಡೂಲಿನ್‌ನ ದೊಡ್ಡ ಗುಣ.

ದೊಡ್ಡ ದೋಷವೂ ಇದೇ ಬೇರಿನಿಂದ ಹುಟ್ಟಿದ್ದು. ಮೈಕೊ ರಸೆಲ್‌ನಂಥ ಕೊಳಲುವಾದಕರಿಂದ ಡೂಲಿನ್‌ನ ಸಂಗೀತಕ್ಕೆ ಹೆಸರು ಬಂತು, ಹೆಸರು ಕೇಳಿ ಜನ ಬಂದರು, ಈಗ ಜುಲೈ ಆಗಸ್ಟಿನಲ್ಲಿ ಪಬ್ಬಿನೊಳಗೆ ವಾದಕರಿಗಿಂತ ಮೊಬೈಲುಗಳೇ ಹೆಚ್ಚು. ನುಡಿಸುವವರು ಒಳ್ಳೆಯವರೇ, ಆದರೆ ಗದ್ದಲಕ್ಕೆ ಎಷ್ಟೋ ಕಡೆ ಮೈಕ್ ಇಟ್ಟುಕೊಳ್ಳುತ್ತಾರೆ. ಮೈಕ್ ಬಂತೆಂದರೆ ಅದು ಸುತ್ತ ಕೂತು ನುಡಿಸುವ ಸೆಷನ್ ಅಲ್ಲ, ಕಾರ್ಯಕ್ರಮ. ಮೇ ತಿಂಗಳಲ್ಲಿ ಅಥವಾ ಸೆಪ್ಟೆಂಬರಿನ ಕೊನೆಗೆ ಹೋಗುವುದಾದರೆ ಡೂಲಿನ್ ಬಗ್ಗೆ ನನ್ನ ತಕರಾರಿಲ್ಲ.

ಮೇ ತಿಂಗಳನ್ನು ಹೇಳುವುದಕ್ಕೆ ಇನ್ನೊಂದು ಕಾರಣ ಬರೆನ್. ದೂರದಿಂದ ಬೋಳು ಬೂದುಗುಡ್ಡ. ಹತ್ತಿರ ಹೋಗಿ ಮಂಡಿಯೂರಿ ನೋಡಿದರೆ ಚಪ್ಪಡಿ ಕಲ್ಲುಗಳ ನಡುವೆ ಮೊಳಕೈಯುದ್ದದ ಬಿರುಕುಗಳು, ಬಿರುಕಿನೊಳಗೆ ತೇವ, ಜರೀಗಿಡ. ಅಂಚಿನ ಹಿಡಿಮಣ್ಣಿನಲ್ಲಿ ಕಡುನೀಲಿಯ ಜೆನ್ಷಿಯನ್ ಹೂ. ಆಲ್ಪ್ಸ್ ಪರ್ವತದ ಮೇಲೆ ಬೆಳೆಯುವ ಆ ಹೂವಿನ ಪಕ್ಕದಲ್ಲೇ ಮೆಡಿಟರೇನಿಯನ್ ಸೀಮೆಯ ಆರ್ಕಿಡ್ ಅರಳಿರುತ್ತದೆ. ಇದಕ್ಕೆ ದನಗಳ ಋಣವೂ ಇದೆ. ಬೇರೆಲ್ಲ ಕಡೆ ಬೇಸಗೆಯಲ್ಲಿ ದನಗಳನ್ನು ಗುಡ್ಡಕ್ಕೆ ಹೊಡೆದರೆ, ಬರೆನ್‌ನ ರೈತರು ಚಳಿಗಾಲದಲ್ಲಿ ಹೊಡೆಯುತ್ತಾರೆ. ಸುಣ್ಣಕಲ್ಲು ಬೇಸಗೆಯ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ನಿಲ್ಲದೆ ಇಂಗುತ್ತದೆ, ದನಗಳಿಗೆ ಮಲಗಲು ಒಣನೆಲ ಸಿಗುತ್ತದೆ. ಅವು ಒಣಹುಲ್ಲನ್ನು ಮೇಯ್ದು ಮುಗಿಸಿದ್ದರಿಂದ ವಸಂತದಲ್ಲಿ ಹೂಗಿಡಗಳಿಗೆ ಬೆಳಕು ತಲುಪುತ್ತದೆ. ಐದೂವರೆ ಸಾವಿರ ವರ್ಷಗಳಿಗೂ ಹಳೆಯದಾದ ಪೌಲ್‌ನಬ್ರೋನ್ ಕಲ್ಗೋರಿ ಈ ಬಯಲಿನ ನಡುವೆಯೇ ನಿಂತಿದೆ. ಪ್ರವಾಸಿ ಬಸ್ಸುಗಳು ಅಲ್ಲಿ ಹದಿನೈದು ನಿಮಿಷ ನಿಲ್ಲಿಸುತ್ತವೆ. ನೀವು ಒಂದು ಗಂಟೆ ಇಟ್ಟುಕೊಳ್ಳಿ, ಕಲ್ಗೋರಿಗೆ ಹತ್ತು ನಿಮಿಷ, ಉಳಿದದ್ದು ನೆಲ ನೋಡುವುದಕ್ಕೆ.

ಹತ್ತಿರದ ಲಿಸ್‌ಡೂನ್‌ವಾರ್ನಾದಲ್ಲಿ ಸೆಪ್ಟೆಂಬರಿನಲ್ಲಿ ಗಂಡುಹೆಣ್ಣು ಜೋಡಿಸುವ ಉತ್ಸವ ನಡೆಯುತ್ತದೆ. ಸುಗ್ಗಿ ಮುಗಿಸಿದ ರೈತರು ಗಂಧಕದ ಬುಗ್ಗೆಗೆ ಸ್ನಾನಕ್ಕೆ ಬರುತ್ತಿದ್ದ ಕಾಲದ ರೂಢಿ ಅದು. ಈಗ ಹೆಚ್ಚಾಗಿ ಕುಣಿತ, ಕುಡಿತ. ಕುತೂಹಲಕ್ಕೆ ಒಂದು ಸಂಜೆ ಸಾಕು.

ಮಿಲ್‌ಟೌನ್ ಮಾಲ್‌ಬೇ: ಸಂಗೀತಕ್ಕಾಗಿಯೇ ಬರುವವರಿಗೆ

ವರ್ಷದ ಐವತ್ತೊಂದು ವಾರ ಇದೊಂದು ಸಾಧಾರಣ ಹಳ್ಳಿಪೇಟೆ. ಜುಲೈ ಮೊದಲ ಶನಿವಾರ ಶುರುವಾಗುವ ವಾರದಲ್ಲಿ ಮಾತ್ರ ಐರಿಷ್ ಸಂಗೀತ ಲೋಕವೇ ಇಲ್ಲಿಗೆ ಬಂದು ಬೀಳುತ್ತದೆ. ವಿಲ್ಲಿ ಕ್ಲ್ಯಾನ್ಸಿ ಈ ಊರಿನ ಬಡಗಿ, ಬಾಯಿಂದ ಊದದೆ ಮೊಣಕೈಯಡಿಯ ತಿದಿಯೊತ್ತಿ ನುಡಿಸುವ ಇಲ್ಲೆನ್ ಪೈಪ್‌ನ ದೊಡ್ಡ ವಾದಕ. 1973ರ ಆರಂಭದಲ್ಲಿ ತೀರಿಕೊಂಡ. ಅದೇ ವರ್ಷ ಅವನ ಗೆಳೆಯರು ಅವನ ಹೆಸರಿನಲ್ಲಿ ಬೇಸಗೆ ಶಾಲೆ ಆರಂಭಿಸಿದರು. ಬೆಳಿಗ್ಗೆ ಶಾಲೆ, ಮನೆ, ಸಭಾಂಗಣಗಳಲ್ಲಿ ಪಾಠ. ಎಂಟು ವರ್ಷದ ಹುಡುಗಿಯೂ ಎಪ್ಪತ್ತರ ಮುದುಕರೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಮಧ್ಯಾಹ್ನದಿಂದ ನಡುರಾತ್ರಿಯವರೆಗೆ ಪಬ್ಬು, ಅಡುಗೆಮನೆ, ಕಾರಿನ ಡಿಕ್ಕಿ ಎಲ್ಲಿ ನೋಡಿದರೂ ನುಡಿಸಾಣಿಕೆ.

ಆ ವಾರಕ್ಕೆ ಕೋಣೆ ಬೇಕೆಂದರೆ ಹಿಂದಿನ ವರ್ಷವೇ ಹುಡುಕಬೇಕು. ಸಿಗದಿದ್ದರೆ ಲಾಹಿಂಚ್‌ನಲ್ಲೋ ಎನ್ನಿಸ್‌ನಲ್ಲೋ ಉಳಿದು ಹಗಲಿಗೆ ಹೋಗಿ ಬನ್ನಿ, ಮಧ್ಯಾಹ್ನದ ಸೆಷನ್‌ಗಳೇ ಹಲವು ಸಲ ರಾತ್ರಿಯದಕ್ಕಿಂತ ಚೆನ್ನ. ಉಳಿದ ದಿನಗಳಲ್ಲಿ ಮಿಲ್‌ಟೌನ್ ಅನ್ನು ನೆಲೆಯಾಗಿ ಆರಿಸುವುದಕ್ಕೆ ಕಾರಣ ಕಡಿಮೆ. ನಾಲ್ಕು ಕಿಲೋಮೀಟರ್ ಒಳಗೆ ಸ್ಪ್ಯಾನಿಷ್ ಪಾಯಿಂಟ್‌ನ ಮರಳದಂಡೆಯಿದೆ. 1588ರಲ್ಲಿ ಸ್ಪೇನಿನ ಆರ್ಮಡಾದ ಹಡಗುಗಳು ಈ ಕರಾವಳಿಯಲ್ಲಿ ಒಡೆದದ್ದರಿಂದ ಆ ಹೆಸರು. ಅಲೆಯ ಮೇಲೆ ಹಲಗೆ ಹಾಕಿ ಜಾರುವ ಆಸೆಯಿದ್ದವರು ಲಾಹಿಂಚ್‌ಗೆ ಹೋಗಲಿ. ಅಲ್ಲಿ ಕಲಿಸುವ ಶಾಲೆಗಳಿವೆ, 1892ರಲ್ಲಿ ಹುಟ್ಟಿದ ಗಾಲ್ಫ್ ಕ್ಲಬ್ಬೂ ಇದೆ.

ಸೆಷನ್ ಎಂದರೇನು ಎಂದು ಒಮ್ಮೆ ಹೇಳಿಬಿಡುತ್ತೇನೆ, ಎಲ್ಲ ಊರಿಗೂ ಅನ್ವಯಿಸುತ್ತದೆ. ನಮ್ಮ ಹಳ್ಳಿಗಳ ಶನಿವಾರದ ಭಜನೆಯ ಹಾಗೆ, ವೇದಿಕೆಯಿಲ್ಲ, ಬಂದವರು ಸುತ್ತ ಕೂರುತ್ತಾರೆ, ಮುಖ ಒಬ್ಬರಿಗೊಬ್ಬರು. ಯಾರೋ ಒಬ್ಬರು ರೀಲ್ ಎಂಬ ಕುಣಿತದ ಧಾಟಿಯೊಂದನ್ನು ಎತ್ತಿಕೊಳ್ಳುತ್ತಾರೆ, ಗೊತ್ತಿದ್ದವರು ಎರಡನೆಯ ಸುತ್ತಿಗೆ ಸೇರಿಕೊಳ್ಳುತ್ತಾರೆ, ಮೂರು ಸುತ್ತಾದ ಮೇಲೆ ಕಣ್ಸನ್ನೆಯಲ್ಲೇ ಇನ್ನೊಂದಕ್ಕೆ ದಾಟುತ್ತಾರೆ. ಕ್ಲೇರ್‌ನಲ್ಲಾದರೆ ಗುಂಪಿನಲ್ಲಿ ಎರಡೂ ಕೈಯಿಂದ ತಿದಿಯೊತ್ತಿ ನುಡಿಸುವ ಆರುಮೂಲೆಯ ಕನ್ಸರ್ಟೀನಾ ಇದ್ದೇ ಇರುತ್ತದೆ. ಅದು ಈ ಕೌಂಟಿಯ ಅಚ್ಚುಮೆಚ್ಚಿನ ವಾದ್ಯ. ವಾದಕರ ಬೆಂಚಿನಲ್ಲಿ ಖಾಲಿ ಜಾಗ ಕಂಡರೆ ಕೂರಬೇಡಿ, ಬರುವವರಿಗೆಂದು ಬಿಟ್ಟದ್ದು. ತಾಳ ತಟ್ಟಬೇಡಿ. ಯಾರಾದರೂ ಒಂಟಿ ದನಿಯಲ್ಲಿ ಹಾಡಲು ತೊಡಗಿದರೆ ಲೋಟವನ್ನೂ ಕೆಳಗಿಡಬೇಡಿ, ಸದ್ದಾಗುತ್ತದೆ. ಮದ್ಯ ಕುಡಿಯದವರು ಚಹಾ ಕೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಮಕ್ಕಳೊಂದಿಗೆ ಬರುವವರು ಗಮನಿಸಬೇಕಾದ ಕಾನೂನೊಂದಿದೆ. ಹದಿನೆಂಟರೊಳಗಿನವರು ರಾತ್ರಿ 9ರ ನಂತರ, ಮೇಯಿಂದ ಸೆಪ್ಟೆಂಬರ್‌ವರೆಗೆ 10ರ ನಂತರ, ಬಾರ್‌ನಲ್ಲಿರುವಂತಿಲ್ಲ. ಸೆಷನ್ ಶುರುವಾಗುವುದೇ ಒಂಬತ್ತೂವರೆಗೆ. ಸಂಸಾರಸಮೇತ ಹೋಗುವವರಿಗೆ ಸಂಗೀತ ಬೇಕೆಂದರೆ ಭಾನುವಾರ ಮಧ್ಯಾಹ್ನದ ಸೆಷನ್, ಇಲ್ಲವೇ ಕ್ಲ್ಯಾನ್ಸಿ ವಾರ. ಅಂದಹಾಗೆ ಅಡುಗೆಮನೆಗಳೂ ಒಂಬತ್ತರ ಸುಮಾರಿಗೆ ಮುಚ್ಚುತ್ತವೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ಹತ್ತಕ್ಕೆ, ಇನ್ನೂ ಬೆಳಕಿದೆ ಎಂದು ಸುತ್ತಾಡುತ್ತಿದ್ದವರು ಹಸಿದು ಮಲಗಬೇಕಾಗುತ್ತದೆ.

ಕಾರಿದ್ದು ನಿಜವಾಗಿ ಕಿವಿಯೂ ಇದ್ದವರು ಪೂರ್ವದ ಫೀಕಲ್ ಹಳ್ಳಿಯನ್ನು ಮರೆಯಬಾರದು. ಪಶ್ಚಿಮದವರ ನುಡಿಸಾಣಿಕೆಗೆ ಕುಣಿತದ ಓಟವಿದ್ದರೆ, ಇಲ್ಲಿಯವರದು ನಿಧಾನ, ಸ್ವಲ್ಪ ವಿಷಾದದ ಎಳೆ. ಪಿಟೀಲುವಾದಕ ಮಾರ್ಟಿನ್ ಹೇಯ್ಸ್ ಈ ಸೀಮೆಯವರು. ಆಗಸ್ಟಿನಲ್ಲಿ ಇಲ್ಲೊಂದು ಉತ್ಸವ ನಡೆಯುತ್ತದೆ, ಡೂಲಿನ್‌ಗೆ ಬರುವ ಜನಸಾಗರದ ಒಂದಂಶವೂ ಇಲ್ಲಿರುವುದಿಲ್ಲ.

ಕಿಲ್‌ಕೀ: ಸಮುದ್ರವೊಂದೇ ಸಾಕೆನ್ನುವವರಿಗೆ

ಕುದುರೆಲಾಳದಾಕಾರದ ಕೊಲ್ಲಿ, ಅದರ ಸುತ್ತ ಹಳೆಯ ಮನೆಗಳ ಸಾಲು. ಲಿಮರಿಕ್ ನಗರದ ಕುಟುಂಬಗಳು ತಲೆಮಾರುಗಳಿಂದ ಬೇಸಗೆ ಕಳೆಯಲು ಬರುವ ಜಾಗ ಇದು. ವಿದೇಶಿ ಪ್ರವಾಸಿಗರು ಕಡಿಮೆ. ಕಡಲಿನ ಇಳಿತದ ಹೊತ್ತಿನಲ್ಲಿ ಪಶ್ಚಿಮದ ಬಂಡೆಹಾಸಿನಲ್ಲಿ ಪೊಲಕ್ ಹೋಲ್ಸ್ ಎಂಬ ಸಹಜ ಕೊಳಗಳು ತೆರೆದುಕೊಳ್ಳುತ್ತವೆ. ಸ್ಥಳೀಯರು ವರ್ಷವಿಡೀ ಈಜುತ್ತಾರೆ. ಭರತ ಏರುವ ಹೊತ್ತು ನೋಡಿಕೊಂಡೇ ಇಳಿಯಬೇಕು. ದಂಡೆಯ ಮೇಲೆ ಕಾಗದದ ಪೊಟ್ಟಣದಲ್ಲಿ ಬೇಯಿಸಿದ ಪೆರಿವಿಂಕಲ್ ಮಾರುತ್ತಾರೆ. ಕಪ್ಪು ಗುಂಡಿಯಷ್ಟು ದೊಡ್ಡ ಕಡಲಬಸವನ, ಜೊತೆಗೊಂದು ಗುಂಡುಸೂಜಿ. ಮುಚ್ಚಳವನ್ನು ಸೂಜಿಯಿಂದ ಎಬ್ಬಿಸಿ, ಸುರುಳಿಯಾಗಿ ತಿರುಗಿಸುತ್ತ ಮಾಂಸವನ್ನು ಹೊರಗೆಳೆಯಬೇಕು. ಸಸ್ಯಾಹಾರಿಗಳಿಗೆ ಅದೇ ಗಾಡಿಯಲ್ಲಿ ಡಿಲಿಸ್ಕ್, ಒಣಗಿಸಿದ ಕೆನ್ನೇರಳೆ ಕಡಲಪಾಚಿ. ಉಪ್ಪುಪ್ಪಾಗಿ, ಅಗಿದಷ್ಟೂ ಮುಗಿಯದ ತಿನಿಸು. ಎಲ್ಲರಿಗೂ ಹಿಡಿಸುತ್ತದೆಂದು ಹೇಳಲಾರೆ.

ಕಿಲ್‌ಕೀಯನ್ನು ಆರಿಸುವವರಿಗೆ ಮೋಹರ್‌ಗೆ ಬದಲಾಗಿ ಲೂಪ್ ಹೆಡ್ ಇದೆ. ಇವೆರಡರಲ್ಲಿ ಯಾವುದು? ಎತ್ತರ ಬೇಕೆಂದರೆ ಮೋಹರ್. ಸಮುದ್ರದಿಂದ ನೆಟ್ಟಗೆ 214 ಮೀಟರ್ ಏಳುವ ಗೋಡೆಗೆ ಲೂಪ್ ಹೆಡ್‌ನಲ್ಲಿ ಸಾಟಿಯಿಲ್ಲ. ಏಪ್ರಿಲ್‌ನಿಂದ ಜುಲೈವರೆಗೆ ಪಫಿನ್ ಹಕ್ಕಿಗಳೂ ಅಲ್ಲಿ ಗೂಡುಕಟ್ಟುತ್ತವೆ. ಆದರೆ ಪ್ರವೇಶಕ್ಕೆ ಹಣ, ವಾಹನ ನಿಲುಗಡೆಯ ಗದ್ದಲ, ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಸ್ಸುಗಳ ಸಾಲು. ಬಂಡೆಯಂಚಿನ ಕಾಲುದಾರಿಯ ಭಾಗಗಳನ್ನು ಸುರಕ್ಷತೆಯ ಕಾರಣಕ್ಕೆ 2024ರಲ್ಲಿ ಮುಚ್ಚಿದ್ದರು, ನಡೆಯುವ ಯೋಜನೆಯಿದ್ದರೆ ಯಾವ ಭಾಗ ತೆರೆದಿದೆ ಎಂದು ವಿಚಾರಿಸಿಕೊಂಡು ಹೊರಡಿ. ಲೂಪ್ ಹೆಡ್‌ನಲ್ಲಿ ದೀಪಸ್ತಂಭ, ಹುಲ್ಲು, ಗಾಳಿ, ಒಂದು ಬದಿಗೆ ಅಟ್ಲಾಂಟಿಕ್, ಇನ್ನೊಂದು ಬದಿಗೆ ಶಾನನ್ ನದಿಯ ಅಳಿವೆ. ಅಳಿವೆಯಲ್ಲಿ ನೆಲೆಸಿರುವ ಡಾಲ್ಫಿನ್‌ಗಳನ್ನು ನೋಡಲು ಕ್ಯಾರಿಗಹೋಲ್ಟ್‌ನಿಂದ ದೋಣಿ ಸಿಗುತ್ತದೆ. ಮಂಡಿನೋವಿನವರಿಗೆ ಮೋಹರ್‌ನ ಚಪ್ಪಡಿ ದಾರಿ ಅನುಕೂಲ. ಮಿಕ್ಕವರು ಲೂಪ್ ಹೆಡ್‌ಗೇ ಹೋಗಲಿ. ಮೋಹರ್ ನೋಡಲೇಬೇಕೆಂದರೆ ಸಂಜೆ ಆರರ ಮೇಲೆ ಹೋಗಿ. ಗೋಡೆ ಪಶ್ಚಿಮಕ್ಕೆ ಮುಖಮಾಡಿದೆ, ಬೆಳಕು ಆಗಲೇ ಚೆನ್ನ, ಬಸ್ಸುಗಳೂ ಹೊರಟುಹೋಗಿರುತ್ತವೆ.

ಕಾರಿಲ್ಲದೆ ಕಿಲ್‌ಕೀ ಬೇಡ. ನವೆಂಬರಿನಿಂದ ಫೆಬ್ರವರಿವರೆಗಂತೂ ಅರ್ಧ ಊರು ಬೀಗ ಹಾಕಿಕೊಂಡಿರುತ್ತದೆ.

ಹರ್ಲಿಂಗೋ, ಫುಟ್‌ಬಾಲೋ

ಕ್ಲೇರ್‌ಗೆ ಬಂದು ಒಂದು ಪಂದ್ಯ ನೋಡದೆ ಹೋಗುವುದು ತಪ್ಪು. ಕೌಂಟಿಯ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿದೆ: ಪೂರ್ವ ಮತ್ತು ಎನ್ನಿಸ್ ಸುತ್ತಮುತ್ತ ಕೋಲುಚೆಂಡಿನ ಆಟವಾದ ಹರ್ಲಿಂಗ್, ಪಶ್ಚಿಮ ಕರಾವಳಿಯಲ್ಲಿ ಕೈಕಾಲು ಎರಡನ್ನೂ ಬಳಸಿ ಆಡುವ ಗೇಲಿಕ್ ಫುಟ್‌ಬಾಲ್. ಎರಡನ್ನೂ ನಡೆಸುವುದು 1884ರಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಸಂಘ. ಅದನ್ನು ಕಟ್ಟಿದ ಮೈಕೆಲ್ ಕ್ಯುಸಾಕ್ ಬರೆನ್‌ನ ಕ್ಯಾರನ್ ಹಳ್ಳಿಯವನು. ಎನ್ನಿಸ್‌ನ ಮೈದಾನಕ್ಕೆ ಅವನದೇ ಹೆಸರು, ಕ್ಯುಸಾಕ್ ಪಾರ್ಕ್. ಆಟಗಾರರಿಗೆ ಸಂಬಳವಿಲ್ಲ. ಭಾನುವಾರ ಸಾವಿರಾರು ಜನರ ಮುಂದೆ ಆಡಿದವನು ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತಿರಬಹುದು.

ಮೊದಲ ಸಲ ನೋಡುವವರಿಗೆ ನನ್ನ ಮತ ಹರ್ಲಿಂಗ್‌ಗೆ. ಆ್ಯಶ್ ಮರದ ಚಪ್ಪಟೆ ಕೋಲು, ಕ್ರಿಕೆಟ್ ಚೆಂಡಿಗಿಂತ ಹಗುರವಾದ ಚರ್ಮದ ಚೆಂಡು, ಒಂದೊಂದು ಬದಿಗೆ ಹದಿನೈದು ಮಂದಿ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗಿಂದ ಬಲೆಗೆ ಹೊಕ್ಕರೆ ಗೋಲು, ಅಂದರೆ ಮೂರು ಅಂಕ. ಫಲಕದಲ್ಲಿ ಗೋಲು, ಅಂಕ ಎರಡನ್ನೂ ಬೇರೆಬೇರೆ ಬರೆಯುತ್ತಾರೆ. 2024ರ ಅಖಿಲ ಐರ್ಲೆಂಡ್ ಫೈನಲ್‌ನಲ್ಲಿ ಕ್ಲೇರ್ 3-29, ಕಾರ್ಕ್ 1-34. ಕೂಡಿದರೆ 38ಕ್ಕೆ 37, ಅದೂ ಹೆಚ್ಚುವರಿ ಅವಧಿಯಲ್ಲಿ. ಟಿವಿಯಲ್ಲಿ ಚೆಂಡು ಕಣ್ಣಿಗೆ ಸಿಗುವುದೇ ಕಷ್ಟ. ಮೈದಾನದಲ್ಲಿ ಮಾತ್ರ ಕೋಲುಗಳ ಟಕಟಕ ಮೈಗೆ ತಟ್ಟುತ್ತದೆ.

ಕ್ಲೇರ್‌ನವರ ಬಾಯಲ್ಲಿ 1995 ಎಂಬ ಇಸವಿ ಬರದೆ ಇರುವುದಿಲ್ಲ. 1914ರಲ್ಲಿ ಗೆದ್ದ ಮೇಲೆ ಎಂಬತ್ತೊಂದು ವರ್ಷ ಹರ್ಲಿಂಗ್ ಕಪ್ ಇತ್ತ ಬಂದಿರಲಿಲ್ಲ. ಫೀಕಲ್ ಸೀಮೆಯ ನಾಟಿವೈದ್ಯೆ ಬಿಡ್ಡಿ ಅರ್ಲಿಯ ಶಾಪ ಎಂದು ಜನ ನಂಬಿದ್ದರು. ಪಾಪ, ಆಕೆ ಸತ್ತದ್ದು 1874ರಲ್ಲಿ, ಸಂಘ ಹುಟ್ಟುವುದಕ್ಕೆ ಹತ್ತು ವರ್ಷ ಮೊದಲು! ಶಾಪ ಮುರಿದ ತಂಡದ ತರಬೇತುದಾರ ಗರ್ ಲಾಕ್‌ನನ್ ಅದೇ ಫೀಕಲ್‌ನವರು. ಆ ತಂಡದ ಹಿಂಬದಿಯನ್ನು ಕಾದ ಬ್ರಯನ್ ಲೋಹನ್ 2024ರಲ್ಲಿ ತರಬೇತುದಾರರಾಗಿದ್ದರು. ನಡುವೆ 1997, 2013ರಲ್ಲೂ ಗೆದ್ದಿದ್ದಾರೆ.

ಫುಟ್‌ಬಾಲ್‌ನಲ್ಲಿ ಕ್ಲೇರ್ ಅಖಿಲ ಐರ್ಲೆಂಡ್ ಗೆದ್ದದ್ದು 1917ರಲ್ಲಿ ಒಮ್ಮೆ ಮಾತ್ರ. 1992ರಲ್ಲಿ ಬಲಾಢ್ಯ ಕೆರಿಯನ್ನು ಮಣಿಸಿ ಮನ್‌ಸ್ಟರ್ ಪ್ರಾಂತದ ಪ್ರಶಸ್ತಿ ಪಡೆದಾಗ, ಇವತ್ತು ರಾತ್ರಿ ಕ್ಲೇರ್‌ನಲ್ಲಿ ಒಂದು ಹಸುವಿನ ಹಾಲನ್ನೂ ಕರೆಯುವುದಿಲ್ಲ ಎಂದು ವೀಕ್ಷಕ ವಿವರಣೆಕಾರ ಕೂಗಿದ್ದು ಇಂದಿಗೂ ಗಾದೆಯಂತೆ ಉಳಿದಿದೆ. ಮಿಲ್‌ಟೌನ್, ಕಿಲ್‌ಕೀಗಳಲ್ಲಿ ಉಳಿದವರಿಗೆ ಸಂಜೆ ಸಿಗುವ ಆಟ ಇದೇ.

ಕೌಂಟಿ ಮಟ್ಟದ ಹರ್ಲಿಂಗ್ ಏಪ್ರಿಲ್, ಮೇ ತಿಂಗಳಲ್ಲಿ ಕಾವು ಏರಿ ಜುಲೈಗೆ ಮುಗಿಯುತ್ತದೆ, ಟಿಕೆಟ್ಟುಗಳನ್ನು ಮೊದಲೇ ಆನ್‌ಲೈನ್‌ನಲ್ಲಿ ಕೊಳ್ಳಬೇಕು, ಕ್ಯುಸಾಕ್ ಪಾರ್ಕ್ ಬೇಗ ತುಂಬುತ್ತದೆ. ಆಗಸ್ಟಿನ ನಂತರ ಬರುವವರು ಕ್ಲಬ್ ಪಂದ್ಯಗಳನ್ನು ನೋಡಿ, ಟಿಕೆಟ್ ಸುಲಭ, ಜಾಗ ಧಾರಾಳ, ಪಕ್ಕದಲ್ಲಿ ಕೂತ ಅಜ್ಜ ಕೇಳದೆಯೇ ಪ್ರತಿ ಆಟಗಾರನ ವಂಶಾವಳಿ ಹೇಳುತ್ತಾರೆ. ಮಳೆಯಂಗಿ ಒಯ್ಯಿರಿ. ಕೊಡೆ ಬೇಡ, ಹಿಂದಿನವರಿಗೆ ಕಾಣಿಸುವುದಿಲ್ಲ, ಅಟ್ಲಾಂಟಿಕ್ ಗಾಳಿಗೆ ಅದು ಉಳಿಯುವುದೂ ಇಲ್ಲ.